ಅಂದಕ್ಕಿಟ್ಟ ಪಟ್ಟಿ ಅಂದುಕೊಂಡಿದ್ದೆ

ಮಳೆಗಾಲ ಹಿಡಿಯಿತೆಂದರೆ ನಮ್ಮ ಫಿಯೆಟ್ ಕಾರಿನೊಳಗೆ ಒಂದು ಬೋಗುಣಿ ಬಂದು ಕೂರುತ್ತಿತ್ತು. ತಮಾಷೆಗೆ ಹೇಳುತ್ತಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅಪ್ಪಯ್ಯನ ಹಳೇ ಪಂಚೆಯನ್ನು ಮಡಚಿ ಇಡುವುದು, ಎಡಗಡೆ ಸೀಟಿನವರ ಕಾಲಬುಡದಲ್ಲಿ ಅಲ್ಯೂಮಿನಿಯಂ ಬೋಗುಣಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಚಿಲ್ಲರೆ ಕಿಲೋಮೀಟರ್. ಆರಿದ್ರಾ ಮಳೆ ಸರಿಯಾಗಿ ಹೊಡೆಯುತ್ತಿದ್ದರೆ ಮಂಡಗದ್ದೆಯಲ್ಲಿ ಒಮ್ಮೆ ನಿಲ್ಲಿಸಿ ಪಂಚೆ ಹಿಂಡಿ, ಬೋಗುಣಿ ಚೆಲ್ಲಿ ಮುಂದೆ ಹೋಗಬೇಕು. ಅಲ್ಲಿ ಹೊಳೆ ಪಕ್ಕದಲ್ಲೇ ಇದೆ. ನೀರಿಗೆ ನೀರು ಸೇರಿತು ಅಂತ ಅಮ್ಮ ನಗುತ್ತಿದ್ದರು.

ಆರ್‌ಸಿ ಪುಸ್ತಕದಲ್ಲಿ ಅದರ ಹೆಸರು ಪ್ರೀಮಿಯರ್ ಪದ್ಮಿನಿ, 1986ರ ಮಾಡೆಲ್. ಆದರೆ ನಮ್ಮ ಕಡೆ ಯಾರೂ ಅದನ್ನು ಪದ್ಮಿನಿ ಅಂದದ್ದು ನಾನು ಕೇಳಿಲ್ಲ. ಎಲ್ಲರಿಗೂ ಅದು ಫಿಯೆಟ್ಟೇ. ಅದು ತಪ್ಪೂ ಅಲ್ಲ. ಮೂಲ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1964ರಿಂದ ಅದನ್ನು ಡಿಲೈಟ್ ಅಂತ ಮಾಡಿದರು. ಎಪ್ಪತ್ತರ ದಶಕದಲ್ಲಿ ಅದಕ್ಕೆ ಪದ್ಮಿನಿ ಅಂತ ನಾಮಕರಣವಾಯಿತು. 1089 ಸಿಸಿ ಇಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಅಪ್ಪಯ್ಯ ಅದನ್ನು 1991ರಲ್ಲಿ ಕೊಪ್ಪದ ಕಡೆಯವರೊಬ್ಬರಿಂದ ಸೆಕೆಂಡ್‌ಹ್ಯಾಂಡಿಗೆ ತಂದರು. ಅಡಿಕೆ ಮಂಡಿಗೆ ಹೋಗಿದ್ದು ಅದರಲ್ಲೇ, ಅಕ್ಕನ ದಿಬ್ಬಣ ಹೋಗಿದ್ದೂ ಅದರಲ್ಲೇ. ಔಷಧಿ ಹೊಡೆಯುವ ಕಾಲಕ್ಕೆ ಮೈಲುತುತ್ತದ ಚೀಲ ಬರುತ್ತಿದ್ದದ್ದು ಅದರ ಡಿಕ್ಕಿಯಲ್ಲಿ. ಡಿಕ್ಕಿಯ ತಗಡು ಯಾಕೆ ಜರಡಿಯಾಯಿತು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಮೈಲುತುತ್ತ ಕಬ್ಬಿಣವನ್ನು ತಿನ್ನದೆ ಬಿಡುವುದಿಲ್ಲ.

2023ರ ಅಕ್ಟೋಬರಿನಲ್ಲಿ ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು ಅಂತ ಸುದ್ದಿ ಬಂತು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತೇ ವರ್ಷ ಆಯುಸ್ಸು. ಆ ಹೊತ್ತಿಗೆ ನಮ್ಮದು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿತ್ತು. ಇಂಜಿನ್ ಚಾಲೂ ಆಗುತ್ತಿತ್ತು, ಬ್ರೇಕು ಮಾಡಿಸಿದ್ದೆ. ಆದರೆ ಮಳೆಗೆ ಹೊರಗೆ ತೆಗೆಯುವ ಹಾಗಿರಲಿಲ್ಲ. ಆಗುಂಬೆ ಪಕ್ಕದಲ್ಲಿರುವ ಊರು ನಮ್ಮದು. ಅಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಮಳೆಗೆ ಹೊರಗೆ ತೆಗೆಯಲಾಗದ ಕಾರು ಅಂದರೆ ನಮ್ಮಲ್ಲಿ ಅರ್ಧ ವರ್ಷದ ಕಾರು. ಮುಂದಿನ ಬೇಸಿಗೆಯಲ್ಲಿ ಮುಂದಿನ ಗ್ಲಾಸಿನ ರಬ್ಬರು ಬದಲಾಯಿಸಿಯೇ ಬಿಡುವುದು ಅಂತ ತೀರ್ಮಾನಿಸಿದೆ.

ರಬ್ಬರಿನಿಂದಲೇ ನೀರು ಬರುತ್ತಿದೆ ಅಂತ ಮೊದಲು ಖಾತ್ರಿ ಆಗಬೇಕಲ್ಲ. ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತು. ಒಡೆದ ಹೆಂಚು ದೇವರಕೋಣೆ ಮೇಲೆ, ನೀರು ಬೀಳುವುದು ಊಟದ ಮನೆಯಲ್ಲಿ. ನೀರು ರೀಪು, ಪಕಾಸಿ ಹಿಡಿದು ಜಾರುತ್ತಾ ಎಲ್ಲೋ ಒಂದು ಗಂಟು ಸಿಕ್ಕಾಗ ತೊಟ್ಟಿಕ್ಕುತ್ತದೆ. ಕಾರಿನದೂ ಅದೇ ಕಥೆ. ಎಡಗಡೆ ಕಾಲಬುಡದಲ್ಲಿ ಬಿದ್ದ ನೀರು ಬಲಗಡೆ ಮೂಲೆಯಿಂದ ಹೊರಟಿರಬಹುದು.

ಅದಕ್ಕೆ ನಾನೂ ಭಾವನೂ ಒಂದು ಭಾನುವಾರ ಕೂತೆವು. ನಾನು ಒಳಗೆ ಟಾರ್ಚ್ ಹಿಡಿದು, ಡ್ಯಾಶ್‌ಬೋರ್ಡಿನ ಕೆಳಗಿನ ರಟ್ಟು ಬಿಚ್ಚಿ, ಗ್ಲಾಸಿನ ಅಂಚಿಗೆಲ್ಲ ಸೀಮೆಸುಣ್ಣದ ಪುಡಿ ಬಳಿದೆ. ಭಾವ ಹೊರಗಿನಿಂದ ತೋಟದ ಪೈಪಿನಲ್ಲಿ ನೀರು ಬಿಡುವುದು. ಕೆಳಗಿನಿಂದ ಶುರು ಮಾಡಬೇಕು, ಇದು ಮುಖ್ಯ. ಮೊದಲು ಬಾನೆಟ್ಟಿನ ಹತ್ತಿರ, ಆಮೇಲೆ ಗ್ಲಾಸಿನ ಕೆಳಗಿನ ಅಂಚು, ಆಮೇಲೆ ಪಕ್ಕ, ಕೊನೆಗೆ ಮೇಲೆ. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆ ಒದ್ದೆಯಾಗಿ ಯಾವುದೂ ಗೊತ್ತಾಗುವುದಿಲ್ಲ. ಭಾವನಿಗೆ ತಾಳ್ಮೆ ಕಡಿಮೆ. ಮೂರನೇ ಸಲ ಸರಿಯಾಗಿ ಬಿಟ್ಟಾಗ ಕೆಳಗಿನ ಎರಡೂ ಮೂಲೆಯಲ್ಲಿ ಬಿಳಿ ಪುಡಿ ಕರಗಿ ಗೆರೆ ಮೂಡಿತು. ಬಲಗಡೆಯ ಗೆರೆ ತಗಡಿನ ಮಡಿಕೆ ಹಿಡಿದು ಮೆಲ್ಲಗೆ ಎಡಕ್ಕೆ ಹರಿದು ಬಂತು. ಮೂವತ್ತು ವರ್ಷ ಬೋಗುಣಿ ಇಟ್ಟ ಜಾಗಕ್ಕೇ ಬಂತು.

ನಮ್ಮ ಊರಿನಲ್ಲಿ ಹಳೇ ಗಾಡಿಗಳ ಟಿಂಕರಿಂಗ್ ಮಾಡುವ ಮೇಸ್ತ್ರಿಯೊಬ್ಬರಿದ್ದಾರೆ. ಎಪ್ಪತ್ತರ ಹತ್ತಿರದ ವಯಸ್ಸು. ಈಗ ಬರೀ ಮನಸ್ಸಿಗೆ ಬಂದ ಕೆಲಸ ಮಾಡುತ್ತಾರೆ. ಅವರು ಬಂದು ಕಾರಿನ ಮುಂದೆ ನಿಂತು ಗ್ಲಾಸಿನ ಸುತ್ತ ಹೆಬ್ಬೆರಳು ಒತ್ತುತ್ತಾ ಹೋದರು. ಅರ್ಧ ಸುತ್ತು ಮುಗಿದ ಮೇಲೆ ಕೇಳಿದರು:

"ಪಟ್ಟಿ ಎಲ್ಲಿ ಮಾರಾಯ್ರೆ?"

"ಯಾವ ಪಟ್ಟಿ?"

"ರಬ್ಬರಿನ ಮಧ್ಯ ಬೆಳ್ಳಿ ಪಟ್ಟಿ ಬರ್ತದಲ್ಲ. ಅದಿಲ್ದೆ ಇದು ಸೋರದೆ ಮತ್ತೆಂತ ಮಾಡ್ತದೆ?"

ಇಲ್ಲಿ ನಾನು ಸ್ವಲ್ಪ ಹಿಂದೆ ಹೋಗಬೇಕು. 1998, ನಾನು ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಿದ್ದೆ. ರಜೆಗೆ ಬಂದವನಿಗೆ ಕಾರಿಗೆ ಹೊಳಪು ಕೊಡುವ ಹುಚ್ಚು. ಗ್ಲಾಸಿನ ಸುತ್ತಲಿನ ಪಟ್ಟಿ ಮಂಕಾಗಿತ್ತು. ಎಮರಿ ಪೇಪರ್ ಹಾಕಿ ಉಜ್ಜಿದೆ. ಒಂದು ವಾರ ಕನ್ನಡಿ ತರ ಹೊಳೆಯಿತು. ಎರಡನೇ ತಿಂಗಳಿಗೆ ಬಿಳಿ ಬೂದಿ ಬಡಿದ ಹಾಗೆ ಮೊದಲಿಗಿಂತ ಹಾಳಾಯಿತು. ಈಗ ಕಾರಣ ಗೊತ್ತು. ನಮ್ಮ ಕಾರಿನ ಪಟ್ಟಿ ಅಲ್ಯೂಮಿನಿಯಂನದು. ಅದರ ಮೇಲೆ ಆನೊಡೈಸ್ ಮಾಡಿದ ತೆಳು ಪದರ ಇರುತ್ತದೆ. ಲೋಹಕ್ಕೆ ಕಾವಲು ಅದೇ. ನಾನು ಉಜ್ಜಿದ್ದು ಮಂಕನ್ನಲ್ಲ, ಕಾವಲನ್ನು. ಆಗ ಇದೆಲ್ಲ ಎಲ್ಲಿ ಗೊತ್ತು? ಅದೇ ಸಮಯಕ್ಕೆ ಹೊಸ ಕಾರುಗಳೆಲ್ಲ ಬೆಳ್ಳಿ ಪಟ್ಟಿ ಇಲ್ಲದೆ ಕಪ್ಪು ಅಂಚಿನಲ್ಲೇ ಬರತೊಡಗಿದ್ದವು. ಸುಮ್ನೆ ಶೋಕಿಗೆ ಇರುವುದು ಅಂತ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿ, ಪಟ್ಟಿ ಕಿತ್ತು ಬಿಸಾಕಿದೆ. "ಈಗ ಮಾಡರ್ನ್ ಆಯ್ತು" ಅಂತ ಅಕ್ಕನಿಗೆ ತೋರಿಸಿದ್ದು ಕೂಡ ನೆನಪಿದೆ.

ಬೋಗುಣಿ ಯಾವ ವರ್ಷದಿಂದ ಶುರುವಾಯಿತು ಅಂತ ಲೆಕ್ಕ ಹಾಕಿದೆ. ಅದಕ್ಕೂ ಮುಂಚೆ ಒಂದೆರಡು ಹನಿ ಇತ್ತು, ಬೋಗುಣಿ ಇರಲಿಲ್ಲ. ಮೂವತ್ತು ವರ್ಷ ಅಂತ ಮೇಲೆ ಬರೆದೆನಲ್ಲ, ಅದು ನನ್ನ ಅನುಕೂಲದ ಲೆಕ್ಕ. ನಿಜವಾದ ಲೆಕ್ಕ ಇಪ್ಪತ್ತಾರು.

ಮೇಸ್ತ್ರಿ ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಗ್ಲಾಸು ಕಾರಿನ ತಗಡನ್ನು ಎಲ್ಲಿಯೂ ಮುಟ್ಟುವುದಿಲ್ಲ. ಮಧ್ಯೆ ಇರುವುದೆಲ್ಲ ರಬ್ಬರು. ರಬ್ಬರಿಗೆ ಒಂದು ಕಡೆ ಸೀಳು, ಅದರಲ್ಲಿ ಗ್ಲಾಸಿನ ಅಂಚು ಕೂರುತ್ತದೆ. ಇನ್ನೊಂದು ಕಡೆ ಇನ್ನೊಂದು ಸೀಳು, ಅದು ತಗಡಿನ ತುಟಿಯನ್ನು ಕಚ್ಚುತ್ತದೆ. ಹೊರಮೈಯಲ್ಲಿ ಮೂರನೆಯದೊಂದು ಕಾಲುವೆ. ಬೆಳ್ಳಿ ಪಟ್ಟಿಯ ಜಾಗ ಅದು. ಪಟ್ಟಿಯನ್ನು ಆ ಕಾಲುವೆಗೆ ಒತ್ತಿದಾಗ ರಬ್ಬರು ಎರಡೂ ಕಡೆಗೆ ಬಿಗಿಯುತ್ತದೆ. ಒಂದು ಅಂಚು ಗ್ಲಾಸಿಗೆ, ಇನ್ನೊಂದು ತಗಡಿಗೆ ಅಪ್ಪಿಕೊಳ್ಳುತ್ತದೆ. ಬಾಗಿಲ ಚೌಕಟ್ಟಿನ ಸಂದಿಗೆ ಬೆಣೆ ಹೊಡೆದ ಹಾಗೆ. ಬೆಣೆ ಕಿತ್ತರೆ ಬಾಗಿಲು ಅಲ್ಲಾಡುತ್ತದೆ. ನಾನು ಕಿತ್ತದ್ದು ಬೆಣೆ.

ರಬ್ಬರಿಗೆ ಬೆಂಗಳೂರಿಗೆ ಹೋದೆ. ಹಳೇ ರಬ್ಬರಿನ ಮೂಲೆಯಿಂದ ಎರಡಿಂಚು ಕತ್ತರಿಸಿ ಜೇಬಲ್ಲಿಟ್ಟುಕೊಂಡಿದ್ದೆ. ಮೇಸ್ತ್ರಿಯ ಅಪ್ಪಣೆ ಅದು: "ಹೆಸರು ಹೇಳ್ಬೇಡಿ, ತುಂಡು ತೋರಿಸಿ." ಜೆ.ಸಿ. ರಸ್ತೆಯಲ್ಲಿ ಹಳೇ ಗಾಡಿಯ ಸಾಮಾನು ಕೇಳುವುದೇ ಒಂದು ಸಂಭ್ರಮ. ಒಂದು ಅಂಗಡಿಯವರು ಇಲ್ಲ ಅಂದರೆ ಸಾಕು, ಪಕ್ಕದ ಅಂಗಡಿಯ ಹುಡುಗ "ಏನ್ ಬೇಕು ಸಾರ್" ಅಂತ ಹಿಂದೆಯೇ ಬರುತ್ತಾನೆ. ಎರಡು ನಮೂನೆ ಸಿಕ್ಕಿತು. ಒಂದು ಮೀಟರ್ ಲೆಕ್ಕದ ಉದ್ದ ರಬ್ಬರು, ನಾವೇ ಕತ್ತರಿಸಿ ಅಂಟಿಸಬೇಕು. ಇನ್ನೊಂದು ಮೂಲೆಗಳ ಅಚ್ಚು ಸಮೇತ ಬಳೆಯ ಹಾಗೆ ಒಂದೇ ಸುತ್ತಿನದು. ಉದ್ದದ್ದು ಅಗ್ಗ, ಆದರೆ ಮೂಲೆಯಲ್ಲಿ ಸುಕ್ಕು ಬೀಳುತ್ತದೆ. ನಮ್ಮಲ್ಲಿ ಸೋರುತ್ತಿದ್ದದ್ದೇ ಮೂಲೆಯಲ್ಲಿ. ಹಾಗೇನಾದರೂ ಉದ್ದದ್ದೇ ತಗೊಂಡರೆ ಅಳತೆಗಿಂತ ಒಂದು ಬೆರಳು ಜಾಸ್ತಿ ಕತ್ತರಿಸಿ ಒತ್ತಿ ಕೂರಿಸಬೇಕು. ರಬ್ಬರು ವರ್ಷ ಕಳೆದಂತೆ ಕುಗ್ಗುತ್ತದೆ, ಆಗ ಜಾಯಿಂಟ್ ಬಾಯಿ ಬಿಡುತ್ತದೆ.

ಅಂಗಡಿಯವರು ತುಂಡನ್ನು ಪೂರ್ತಿ ಮಡಚಿ ಬಿಟ್ಟು ತೋರಿಸಿದರು. ಒಳ್ಳೇದು ತಟ್ಟನೆ ನೆಟ್ಟಗಾಗುತ್ತದೆ. ಕಳಪೆಯದು ಮಡಿಕೆಯಲ್ಲಿ ಬೆಳ್ಳಗಾಗಿ ಯೋಚನೆ ಮಾಡುತ್ತಾ ನಿಲ್ಲುತ್ತದೆ. ಇಪಿಡಿಎಂ ಅನ್ನುವ ಜಾತಿಯ ರಬ್ಬರನ್ನು ಕೇಳಿ ತಗೊಂಡೆ. ಮಾಮೂಲಿ ರಬ್ಬರಿಗೆ ಬಿಸಿಲಿಗಿಂತ ದೊಡ್ಡ ಶತ್ರು ಗಾಳಿಯಲ್ಲಿರುವ ಚೂರುಪಾರು ಓಜೋನ್. ಎಳೆದು ಬಿಗಿಯಾಗಿಟ್ಟ ರಬ್ಬರಿನ ಮೇಲೆ ಅದು ಅಡ್ಡಡ್ಡ ಬಿರುಕು ಬಿಡಿಸುತ್ತದೆ. ಹಳೇ ಸೈಕಲ್ ಟಯರಿನ ಪಕ್ಕದಲ್ಲಿ ನೋಡಿರುತ್ತೀರಿ. ಗ್ಲಾಸಿನ ರಬ್ಬರು ಮೂಲೆಯಲ್ಲೇ ಜಾಸ್ತಿ ಎಳೆದುಕೊಂಡಿರುತ್ತದೆ, ಅಲ್ಲೇ ಮೊದಲು ಬಿರಿಯುತ್ತದೆ. ಇಪಿಡಿಎಂ ಓಜೋನಿಗೆ ಜಗ್ಗುವುದಿಲ್ಲ. ಆದರೆ ಸೀಮೆಎಣ್ಣೆ, ಗ್ರೀಸು, ಇಂಜಿನ್ ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ಹೊಳೆಯಲಿ ಅಂತ ರಬ್ಬರಿಗೆ ಡೀಸೆಲ್ ಒರೆಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ.

ಪಟ್ಟಿ ಮಾತ್ರ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗಲಿಲ್ಲ. ಶಿವಾಜಿನಗರದ ಗುಜರಿ ಸಾಲಿನಲ್ಲಿ ಎರಡು ದಿನ ಅಲೆದ ಮೇಲೆ ಯಾವುದೋ ಸತ್ತ ಫಿಯೆಟ್ಟಿನ ಪಟ್ಟಿಗಳು, ಅವೆರಡೂ ಸೇರುವ ಕಡೆ ಮುಚ್ಚುವ ಪುಟ್ಟ ಕ್ಲಿಪ್ಪಿನ ಸಮೇತ ಸಿಕ್ಕಿದವು. ನನ್ನ ಮುಖ ನೋಡಿಯೇ ಅವರು ರೇಟು ಹೇಳಿದರು. ರಬ್ಬರಿಗಿಂತ ಪಟ್ಟಿಗೇ ಜಾಸ್ತಿ ಕೊಟ್ಟೆ. ಚೌಕಾಸಿ ಮಾಡಲು ಬಾಯಿ ಬರಲಿಲ್ಲ, ಪ್ರಾಯಶ್ಚಿತ್ತಕ್ಕೆಲ್ಲ ಯಾರು ಚೌಕಾಸಿ ಮಾಡುತ್ತಾರೆ? ಬಸ್ಸಿನಲ್ಲಿ ಅದನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಗು ಹಿಡಿದ ಹಾಗೆ ಹಿಡಿದು ತಂದೆ. ಅಲ್ಯೂಮಿನಿಯಂ ಪಟ್ಟಿ ಒಮ್ಮೆ ಮಡಿಕೆ ಬಿದ್ದರೆ ಆ ಗುರುತು ಹೋಗುವುದೇ ಇಲ್ಲ.

ಹಳೇ ಪಟ್ಟಿ ಏನಾಗಿತ್ತು ಅಂತಲೂ ಆಮೇಲೆ ಗೊತ್ತಾಯಿತು. ಒಂದು ತುಂಡು ಬಚ್ಚಲುಮನೆ ಕಿಟಕಿಯ ಪರದೆಗೆ ಕೋಲಾಗಿದೆ. ಇನ್ನೊಂದು ಅಮ್ಮನ ಮಲ್ಲಿಗೆ ಬಳ್ಳಿಗೆ ಆಸರೆ. ಅದನ್ನು ಕೇಳಿದರೆ ಅಮ್ಮ ಕೊಡುವುದಿಲ್ಲ ಅಂದರು.

ಮೇ ತಿಂಗಳ ಕೊನೆಯಲ್ಲಿ ಕೆಲಸ ಶುರು. ಮೃಗಶಿರ ಹುಟ್ಟುವುದರೊಳಗೆ ಮುಗಿಸಬೇಕು ಅಂತ ಲೆಕ್ಕ. ಗ್ಲಾಸು ಬಿಡಿಸುವಾಗ ಮೇಸ್ತ್ರಿ ಹಳೇ ರಬ್ಬರನ್ನು ಎಳೆಯಲಿಲ್ಲ. ಹೊರಗಿನ ತುಟಿಯನ್ನು ಬ್ಲೇಡಿನಿಂದ ಸುತ್ತಲೂ ಕುಯ್ದು ತೆಗೆದರು. ಆಮೇಲೆ ಒಳಗೆ ಸೀಟಿನ ಮೇಲೆ ಮಲಗಿ, ಬರಿಗಾಲನ್ನು ಗ್ಲಾಸಿನ ಮೇಲಿನ ಮೂಲೆಗೆ ಕೊಟ್ಟು ಮೆಲ್ಲಗೆ ತಳ್ಳಿದರು. ಕೈಯಲ್ಲಿ ತಳ್ಳಿದರೆ ಒಂದೇ ಕಡೆ ಭಾರ ಬೀಳುತ್ತದಂತೆ. ನಾನೂ ಭಾವನೂ ಹೊರಗೆ ಕೈ ಚಾಚಿ ನಿಂತಿದ್ದೆವು. ನಮ್ಮದು ಲ್ಯಾಮಿನೇಟೆಡ್ ಗ್ಲಾಸು. ಎರಡು ಗಾಜಿನ ಹಾಳೆ, ಮಧ್ಯೆ ಪ್ಲಾಸ್ಟಿಕ್ ಪದರ. ಒಡೆದರೂ ಪುಡಿಯಾಗಿ ಮೈಮೇಲೆ ಬೀಳುವುದಿಲ್ಲ, ನಿಜ. ಆದರೆ ಅಂಚಿಗೆ ಸಣ್ಣ ಪೆಟ್ಟು ಬಿದ್ದರೆ ಸಾಕು, ಅಲ್ಲಿಂದ ಬಿರುಕು ಹೊರಟು ಮಧ್ಯದವರೆಗೂ ಹೋಗುತ್ತದೆ. ಗ್ಲಾಸು ಎದ್ದು ಬಂತು. ಕಂಬಳಿ ಹಾಸಿದ ಬೆಂಚಿನ ಮೇಲೆ ಮಲಗಿಸಿದೆವು. ಅಲ್ಲಿಯವರೆಗೆ ಯಾರೂ ಉಸಿರು ಬಿಟ್ಟಿರಲಿಲ್ಲ.

ಗ್ಲಾಸು ತೆಗೆದ ಮೇಲೆ ಕಂಡದ್ದು ಚೆನ್ನಾಗಿರಲಿಲ್ಲ. ಒಬ್ಬೊಬ್ಬ ಮೆಕ್ಯಾನಿಕ್ಕೂ ಒಂದೊಂದು ಕಾಲದಲ್ಲಿ ಮಾಡಿದ ರಿಪೇರಿ ಪದರ ಪದರವಾಗಿ ಕೂತಿತ್ತು. ಒಂದು ಕಡೆ ಎಂ-ಸೀಲ್. ಇನ್ನೊಂದು ಕಡೆ ಡಾಂಬರಿನಂಥದ್ದು. ಎಲ್ಲದರ ಮೇಲೆ ಸಿಲಿಕಾನ್ ಗಮ್ಮಿನ ಬಿಳಿ ಉಂಡೆಗಳು. ಸುಮಾರು ಹದಿನೈದು ವರ್ಷದ ಹಿಂದೆ ಒಬ್ಬರು ಅದನ್ನು ತುಂಬಿದ ದಿನ ಕಾರಿನೊಳಗೆ ವಿನೆಗರ್ ವಾಸನೆ ಬರುತ್ತಿದ್ದದ್ದು ನೆನಪಾಯಿತು. ಆ ವಾಸನೆಯೇ ಸಾಕ್ಷಿ. ಅಗ್ಗದ ಸಿಲಿಕಾನ್ ಒಣಗುವಾಗ ವಿನೆಗರಿನಲ್ಲಿರುವ ಆಮ್ಲವನ್ನೇ ಬಿಡುತ್ತದೆ. ಬಚ್ಚಲಿನ ಟೈಲ್ಸಿಗೆ ಅದು ಪರವಾಗಿಲ್ಲ. ಬರಿ ತಗಡಿನ ಮೇಲೆ ಹಾಕಿದರೆ ತುಕ್ಕನ್ನು ಕರೆದು ಕೂರಿಸಿದ ಹಾಗೆ. ಜೊತೆಗೆ ಮೇಲಿಂದ ಬಾಯಿ ಮುಚ್ಚಿದ್ದರಿಂದ ಒಳಗೆ ಹೊಕ್ಕ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ. ಕೆಳಗಿನ ಎರಡು ಮೂಲೆಯಲ್ಲೂ ತಗಡಿನ ತುಟಿ ಹಪ್ಪಳದ ಹಾಗೆ ಪದರ ಬಿಟ್ಟು, ಬೆರಳು ತಾಗಿಸಿದರೆ ಉದುರುತ್ತಿತ್ತು. ಹೊರಗಿನಿಂದ ಬಣ್ಣ ಮಾತ್ರ ಗಟ್ಟಿಯಾಗಿ ಕಾಣುತ್ತಿತ್ತು.

ಹೊಸ ರಬ್ಬರು ಎಷ್ಟೇ ಒಳ್ಳೇದಾದರೂ ಕಚ್ಚಲು ತುಟಿ ಬೇಕಲ್ಲ. ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿಂದದ್ದು ಇದೇ. ಕೊಳೆತದ್ದನ್ನು ಕತ್ತರಿಸಿ, ತಗಡು ಬಗ್ಗಿಸಿ, ಮೂಲೆಯ ಬಾಗು ತಪ್ಪದ ಹಾಗೆ ವೆಲ್ಡ್ ಮಾಡಿ, ಅರದಿಂದ ತೀಡಿದರು. ಪ್ರತಿ ಸಲ ಗ್ಲಾಸನ್ನು ಹತ್ತಿರ ಹಿಡಿದು ಸಂದಿ ಒಂದೇ ಸಮ ಇದೆಯಾ ಅಂತ ನೋಡುವುದು. ಸಂದಿ ಹೆಚ್ಚುಕಮ್ಮಿ ಆದರೆ ಗ್ಲಾಸಿನ ಮೇಲೆ ಒತ್ತಡ ಬಿದ್ದು ಯಾವತ್ತೋ ಒಂದು ದಿನ ಸುಮ್ಮನೆ ನಿಂತ ಕಾರಿನಲ್ಲೇ ಬಿರುಕು ಬಿಡುತ್ತದೆ. ಆಮೇಲೆ ಪ್ರೈಮರ್, ಬಣ್ಣ. ಪೂರ್ತಿ ಒಣಗಲಿ ಅಂತ ಮೂರು ದಿನ ಬಿಟ್ಟೆವು. ಮೂರನೇ ದಿನ ಸಂಜೆ ಮೋಡ ಕಟ್ಟಿ ಗುಡುಗಿತು. ಗ್ಲಾಸಿಲ್ಲದ ಕಾರಿಗೆ ಕೊಡೆ ಹಿಡಿದು ನಿಂತದ್ದನ್ನು ನೋಡಿ ಪಕ್ಕದ ಮನೆಯವರು ಎಂತ ಅಂದುಕೊಂಡರೋ.

ಕೂರಿಸುವ ವಿಧಾನ ಮಾತ್ರ ನನಗೆ ಬಹಳ ಇಷ್ಟವಾಯಿತು. ರಬ್ಬರನ್ನು ಮೊದಲು ಗ್ಲಾಸಿಗೇ ತೊಡಿಸಬೇಕು, ಕಾರಿಗಲ್ಲ. ತಗಡು ಕಚ್ಚುವ ಸೀಳಿನೊಳಗೆ ಸುತ್ತಲೂ ಒಂದು ದಾರ ಇಟ್ಟು, ಎರಡು ತುದಿಯನ್ನು ಕೆಳಗೆ ಮಧ್ಯದಲ್ಲಿ ಒಂದರ ಮೇಲೊಂದು ಹಾಯಿಸಿ ಬಿಡಬೇಕು. ತಗಡಿಗೂ ರಬ್ಬರಿಗೂ ಸಾಬೂನು ನೀರು. ಗ್ಲಾಸನ್ನು ಹೊರಗಿನಿಂದ ಜಾಗಕ್ಕೆ ತಂದು ಒಬ್ಬರು ಅಂಗೈಯಲ್ಲಿ ಒತ್ತಿ ಹಿಡಿಯಬೇಕು. ಒಳಗೆ ಕೂತವರು ದಾರದ ತುದಿ ಹಿಡಿದು ಗ್ಲಾಸಿನ ನಡುವಿನ ಕಡೆಗೆ ಎಳೆಯುತ್ತಾ ಹೋಗಬೇಕು. ದಾರ ಬಂದ ಹಾಗೆ ರಬ್ಬರಿನ ಒಳತುಟಿ ಮಗುಚಿಕೊಂಡು ತಗಡಿನ ಮೇಲೆ ಬಂದು ಕೂರುತ್ತದೆ. ಪಟಪಟ ಅಂತ ಸಣ್ಣ ಸದ್ದು. ಹೊರಗಿನವರ ಕೈ ದಾರದ ಜೊತೆಜೊತೆಗೇ ಓಡಬೇಕು.

ಮೊದಲ ಸಲ ನಾನು ಅಡಿಕೆ ಚೀಲ ಹೊಲಿಯುವ ಸುತ್ಲಿ ಹುರಿ ಕೊಟ್ಟಿದ್ದೆ. ಒರಟು. ಒದ್ದೆಯಾಗಿ ಸಿಕ್ಕಿಕೊಂಡು ಮೇಲಿನ ಮೂಲೆಯಲ್ಲಿ ಕಡಿದುಹೋಯಿತು. ಎಲ್ಲ ಬಿಚ್ಚಿ ಮತ್ತೆ ಮೊದಲಿನಿಂದ. ಎರಡನೇ ಸಲಕ್ಕೆ ಬಟ್ಟೆ ಒಣಗಿಸುವ ತೆಳು ನೈಲಾನ್ ಹಗ್ಗ ತಂದೆ, ಎಣ್ಣೆ ಹಾಕಿದ ಹಾಗೆ ಜಾರಿಕೊಂಡು ಬಂತು. ಪಟ್ಟಿಯನ್ನು ಮೇಸ್ತ್ರಿ ಕೊನೆಗೆ ಹಾಕಿದರು. ಕೆಲವು ಗಾಡಿಗೆ ಬೆಂಚಿನ ಮೇಲೆಯೇ ಹಾಕಿಬಿಡುವುದಂತೆ. ಸೈಕಲ್ ಕಡ್ಡಿ ಬಗ್ಗಿಸಿ ತಾವೇ ಮಾಡಿಕೊಂಡ ಒಂದು ಕೊಕ್ಕೆ ಅವರಲ್ಲಿದೆ. ಪಟ್ಟಿಯ ಒಂದು ಅಂಚನ್ನು ಕಾಲುವೆಗೆ ಸೇರಿಸಿ, ಕೊಕ್ಕೆಯಿಂದ ರಬ್ಬರಿನ ತುಟಿ ಎತ್ತಿ ಇನ್ನೊಂದು ಅಂಚಿನ ಮೇಲೆ ಹಾಯಿಸುತ್ತಾ ಅಂಗುಲ ಅಂಗುಲವಾಗಿ ಹೋದರು. ನಾನು ಗ್ಲಾಸಿಗೂ ರಬ್ಬರಿಗೂ ನಡುವೆ ಒಂದು ಪೋಸ್ಟ್‌ಕಾರ್ಡ್ ತುರುಕಿ ನೋಡುತ್ತಿದ್ದೆ. ಪಟ್ಟಿ ಇನ್ನೂ ಬರದ ಕಡೆ ಕಾರ್ಡು ಸಲೀಸಾಗಿ ಹೋಗುತ್ತಿತ್ತು. ಪಟ್ಟಿ ದಾಟಿದ ಕಡೆ ಮೂಲೆ ಮಡಚಿಕೊಂಡು ನಿಂತಿತು.

ಈಗಿನ ಕಾರುಗಳಲ್ಲಿ ಇದ್ಯಾವುದೂ ಇಲ್ಲ. ಗ್ಲಾಸನ್ನು ಯುರೆಥೇನ್ ಗಮ್ಮಿನಿಂದ ನೇರವಾಗಿ ಬಾಡಿಗೇ ಅಂಟಿಸುತ್ತಾರೆ. ಗ್ಲಾಸೂ ಬಾಡಿಯ ಬಲದ ಒಂದು ಭಾಗ. ಎಡಗಡೆಯ ಏರ್‌ಬ್ಯಾಗ್ ಉಬ್ಬುವಾಗ ಅದಕ್ಕೆ ಒರಗಲೂ ಗ್ಲಾಸೇ ಬೇಕು. ಅದು ಒಳ್ಳೆಯದೇ, ಸಂಶಯವಿಲ್ಲ. ಅಂಥ ಕಾರಿಗೆ ಮನೆಯಲ್ಲಿ ಹಗ್ಗ ಹಿಡಿದು ಹೊರಡಬೇಡಿ.

ಜೂನ್ ಎರಡನೇ ವಾರ ಸರಿಯಾದ ಮಳೆ ಬಂತು. ಕಾರನ್ನು ಶೆಡ್ಡಿನಿಂದ ಅಂಗಳಕ್ಕೆ ತಂದು ನಿಲ್ಲಿಸಿದೆ. ಅಪ್ಪಯ್ಯನಿಗೆ ಈಗ 79. ಕಣ್ಣಿನ ಆಪರೇಷನ್ ಆದ ಮೇಲೆ ಗಾಡಿ ಬಿಟ್ಟಿಲ್ಲ. ಕೊಡೆ ಹಿಡಿದು ಬಂದು ಎಡಗಡೆ ಸೀಟಿನಲ್ಲಿ ಕೂತರು. ಅಭ್ಯಾಸಬಲ, ಕಾಲನ್ನು ಬೋಗುಣಿಯ ಜಾಗ ಬಿಟ್ಟು ಪಕ್ಕಕ್ಕೆ ಇಟ್ಟುಕೊಂಡಿದ್ದರು. ನಾನು ಪಟ್ಟಿಯ ಕಥೆ ಹೇಳಿದೆ. ಕಿತ್ತದ್ದು ನಾನೇ, ಸೋರಿದ್ದು ಅದರಿಂದಲೇ ಅಂತ.

"ನಂಗೂ ಅದು ಬರೀ ಶೋಕಿಗೆ ಅಂತಲೇ ಗೊತ್ತಿದ್ದದ್ದು," ಅಂದರು. "ನೀ ಕಿತ್ತಾಗ ತೊಳಿಯೋ ಕೆಲಸ ಕಮ್ಮಿ ಆಯ್ತು ಅಂದ್ಕಂಡಿದ್ದೆ."

ಅರ್ಧ ಗಂಟೆ ಕೂತೆವು. ಮೂಲೆಗಳು ಒಣಗಿಯೇ ಇದ್ದವು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅಪ್ಪಯ್ಯ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಬಗ್ಗಿ ಡ್ಯಾಶ್‌ಬೋರ್ಡಿನ ಅಡಿಗೆ ಕೈ ಹಾಕಿದರು. ಬೆರಳು ಹೊರಗೆ ತೆಗೆದು ನನಗೆ ತೋರಿಸಿದರು. ತುದಿಯಲ್ಲಿ ಒಂದು ಹನಿ.

"ವೈಪರ್ ಬುಡ," ಅಂದರು. "ಅದಕ್ಕೂ ಒಂದು ರಬ್ಬರ್ ಬುಷ್ ಬರ್ತದೆ. ಮೇಸ್ತ್ರಿಗೆ ಫೋನ್ ಮಾಡು."